ಹರವಿಯೊಳಗಿನ ಕೈ

ಅಂಬಿಗರ ಹನಮಂತವ್ವನನ್ನು ನಮ್ಮೂರಿನವರು ಬಾಯಿಬಡಕಿ ಎನ್ನುತ್ತಾರೆ. ಅದು ಶುದ್ಧ ಸುಳ್ಳು. ಬಾಯಿಬಡಕ ಅವಳ ಗಂಡ. ಅವನ ಹೆಸರು ಮೂಕಪ್ಪ. ಹೆತ್ತವರು ಯಾವ ಗಳಿಗೆಯಲ್ಲಿ ಆ ಹೆಸರಿಟ್ಟರೋ, ಮಗ ಹುಟ್ಟಿದಂದಿನಿಂದ ಅದರ ಮೇಲೆ ಸೇಡು ತೀರಿಸಿಕೊಳ್ಳುತ್ತಲೇ ಬಂದ. ಹನಮಂತವ್ವ ಬಾಯಿ ತೆಗೆಯುವುದು ಅಪರೂಪ. ಆದರೆ ತೆಗೆದಾಗ ಎದುರಿಗಿದ್ದವನ ಮುಖದ ಬಣ್ಣ ಇಳಿಯುತ್ತದೆ. ಬಣ್ಣ ಇಳಿದವರು ನಮ್ಮೂರಲ್ಲಿ ಬಹಳ ಮಂದಿ ಇರುವುದರಿಂದ ಅವಳಿಗೆ ಆ ಬಿರುದು ಬಂತು.

ಗಂಡ ಹೆಂಡತಿ ಇಬ್ಬರೂ ಹಮ್ಮಿಗಿಯವರು, ತುಂಗಭದ್ರೆಯ ದಂಡೆಯವರು. ಮೂಕಪ್ಪ ಹರಿಗೋಲು ಹಾಕುತ್ತಿದ್ದ. ಆಗ ಹೊಳೆಯ ಈಚೆ ಒಂದು ಸರಕಾರ, ಆಚೆ ಇನ್ನೊಂದು. ಈ ದಂಡೆಯಿಂದ ಆ ದಂಡೆಗೆ ಎಮ್ಮೆ ದಾಟಿಸಿ ಬಂದರೂ ಅವನು ಚಹಾದ ಅಂಗಡಿಯಲ್ಲಿ ಕಾಲಮೇಲೆ ಕಾಲು ಹಾಕಿ, "ನಾ ದಿನಾ ಎರಡ ಸಲ ರಾಜ್ಯ ದಾಟತೀನಿ. ನಿಮ್ಮ ಕಲೆಕ್ಟರ್ ದಾಟ್ಯಾನೇನು?" ಎನ್ನುತ್ತಿದ್ದ. ಸ್ವಾತಂತ್ರ್ಯ ಬಂದ ದಿನ ಇಡೀ ಹೊಳೆಗೆ ತಾನೇ ಮೊದಲು ಬಾವುಟ ತೋರಿಸಿದ್ದು ಎಂದೂ ಹೇಳಿಕೊಳ್ಳುತ್ತಿದ್ದ. ಹೊಳೆ ಅದಕ್ಕೆ ಏನು ಅಂದಿತೋ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೊಳೆ ಹನಮಂತವ್ವನಿಗೆ ಬೇರೆಯೇ ಮಾತು ಹೇಳುತ್ತಿತ್ತು. ದಂಡೆಯ ಮೇಲಿನ ಹೊಲಗಳಿಗೆಲ್ಲ ಒಡೆಯರಿದ್ದರು. ಅಂಬಿಗರಿಗೆ ಉಳಿದದ್ದು ನೀರಿನಂಚಿನ ಉಸುಕು. ಅಲ್ಲಿಯೇ ಅವರ ಗುಡಿಸಲು. ಮಳೆಗಾಲದಲ್ಲಿ ಹೊಳೆ ತುಂಬಿತೆಂದರೆ ಮೊದಲು ಒಲೆ ಹೋಗುತ್ತಿತ್ತು, ಆಮೇಲೆ ಗೋಡೆ, ಕೊನೆಗೆ ಮಾಡಿನ ಹುಲ್ಲು. ಮದುವೆಯಾಗಿ ಬಂದಾಗಿನಿಂದ ಅವಳು ಒಂದೇ ಜಾಗದಲ್ಲಿ ಎರಡು ಯುಗಾದಿ ಹೋಳಿಗೆ ಬೇಯಿಸಿದವಳಲ್ಲ. "ಹೊಳಿ ನಮ್ಮವ್ವ, ಖರೆ. ಹಂಗಂತ ಮುಪ್ಪಾಗೂತನಾ ಅವ್ವನ ತೊಡಿ ಮ್ಯಾಲ ಮಲಗಾಕ ಆಗತೈತೇನು?" ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ನೀರು ಏರದ ನಾಲ್ಕು ಮೊಳ ಜಾಗ, ಅಲ್ಲಿ ಮೂರು ಒಲೆಗಲ್ಲು. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಜಾಗ ಕೇಳಿದಳು. ಈ ಜಗತ್ತಿನಲ್ಲಿ ಬಂಗಾರವಾದರೂ ಸಿಕ್ಕೀತು.

ನೆರೆ ಇಳಿದ ಮೇಲೆ ದಂಡೆಯ ತಗ್ಗುಗಳಲ್ಲಿ ಗೆಂಡೆ ಮೀನಿನ ಬೆರಳುದ್ದದ ಮರಿ ಸಿಗುತ್ತಿದ್ದವು. ಅವನ್ನು ಹಿಡಿದು, ಕೆರೆ ಇದ್ದ ಊರುಗಳಿಗೆ ಒಯ್ದು ಬಿಡುವುದು ಇವರ ಇನ್ನೊಂದು ಕಸಬು. ಹಿಡಿಯುವವನು ಮೂಕಪ್ಪ. ಅವುಗಳ ಜೀವ ಉಳಿಸಿಕೊಂಡು ಮುಟ್ಟಿಸುವವಳು ಹನಮಂತವ್ವ. ಮುಟ್ಟಿದ ಮೇಲೆ ಮಾತಾಡುವವನು ಮತ್ತೆ ಮೂಕಪ್ಪ.

ಈ ಮರಿಗಳ ಜೀವ ಬಲು ಸೂಕ್ಷ್ಮ. ಒಯ್ಯುವ ಮುಂಚೆ ಒಂದು ದಿನ ಬಲೆಯ ಗೂಡಿನಲ್ಲಿ ಉಪವಾಸ ಕೆಡವಬೇಕು. ಹೊಟ್ಟೆ ತುಂಬಿದ ಮೀನು ತಾನಿರುವ ಹರವಿಯಲ್ಲಿಯೇ, ಅಂದರೆ ಮಣ್ಣಿನ ದೊಡ್ಡ ಕೊಡದಲ್ಲಿಯೇ, ಹೊಲಸು ಮಾಡಿ, ಆ ನೀರಿನಲ್ಲಿಯೇ ಸಾಯುತ್ತದೆ. ಹರವಿಯನ್ನು ಅರ್ಧ ತುಂಬಬೇಕು, ಹೊರಗೆ ಹಸಿ ಬಟ್ಟೆ ಸುತ್ತಬೇಕು. ಎಲ್ಲಕ್ಕಿಂತ ಮುಖ್ಯ, ನೀರು ನಿಲ್ಲಬಾರದು. ಗಾಡಿ ಕುಲುಕುತ್ತಿದ್ದರೆ ನೀರಿಗೆ ಗಾಳಿ ಬೆರೆತು ಮೀನು ಉಸಿರಾಡುತ್ತವೆ. ಗಾಡಿ ನಿಂತರೆ ಹನಮಂತವ್ವ ಮೊಳಕೈತನಕ ಕೈ ಇಳಿಸಿ, ಹಿಟ್ಟು ತಿರುವಿದಂತೆ ನೀರು ತಿರುವುತ್ತಾ ಕೂಡುವಳು. ಕೆರೆ ಮುಟ್ಟಿದ ಮೇಲೂ ಒಮ್ಮೆಗೇ ಸುರಿಯುವಂತಿಲ್ಲ. ಕೆರೆಯ ನೀರನ್ನು ತಂಬಿಗೆ ತಂಬಿಗೆಯಾಗಿ ಹರವಿಗೆ ಬೆರೆಸಿ ರೂಢಿ ಮಾಡಿಸಬೇಕು. "ಹೊಸ ಸೊಸಿ ಗಾಡಿ ಇಳದ ಕೂಡ್ಲೆ ಜ್ವಾಳ ಬೀಸಾಕ ಕುಂಡ್ರಸತೀರೇನು? ಇದಕೂ ಹಂಗ," ಎನ್ನುವಳು. ಕುಂಡ್ರಿಸುವ ಅತ್ತೆಯಂದಿರು ಆ ಮಾತು ಕೇಳಿ ಬೇರೆ ಕಡೆ ನೋಡುತ್ತಿದ್ದರು.

ಇನ್ನು ನಮ್ಮೂರಿನ ವಿಷಯ. ಮುಂಡರಗಿಯಿಂದ ಶಿರಹಟ್ಟಿಗೆ ಹೋಗುವ ದಾರಿಯಲ್ಲಿ ಅದು ಬರುತ್ತದೆ. ಹೆಸರು ಹೇಳುವುದಿಲ್ಲ, ಇಂದಿಗೂ ಈ ಮಾತು ತೆಗೆದರೆ ಜಗಳಕ್ಕೆ ಬರುವವರಿದ್ದಾರೆ. ಒಂಬತ್ತು ವರ್ಷದೊಳಗೆ ನಮ್ಮೂರು ಮೂರು ಸರಕಾರ ಕಂಡಿತು. ಸಾಂಗಲಿಯ ರಾಜರ ಆಳ್ವಿಕೆ ಹೋಗಿ ಮುಂಬೈ ಬಂತು, ಮುಂಬೈ ಹೋಗಿ ಮೈಸೂರು ಬಂತು. ಕುಬೇರಪ್ಪ ಗೌಡರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಸಾಂಗಲಿಯ ಕಾಲದಲ್ಲಿ ಜರಿ ರುಮಾಲು, ಮುಂಬೈ ಕಾಲದಲ್ಲಿ ಬಿಳಿ ಟೊಪ್ಪಿಗೆ, ಏಕೀಕರಣದ ಹೊತ್ತಿಗೆ ಟೊಪ್ಪಿಗೆಯ ಜೊತೆಗೆ ಹೆಗಲ ಮೇಲೊಂದು ಶಾಲು. ಕೆಳಗಿದ್ದ ತಲೆ ಅದೇ.

ನವೆಂಬರದ ಒಂದನೆಯ ತಾರೀಖು ಕನ್ನಡ ನಾಡು ಒಂದಾಗುತ್ತದೆ ಎಂದು ಖಚಿತವಾದಾಗ ಊರೂರಿಗೂ ಹುರುಪು ಬಂತು. ಗದಗ ಬೆಟಗೇರಿಯಲ್ಲಿ ಮೆರವಣಿಗೆಯಂತೆ, ಲಕ್ಷ್ಮೇಶ್ವರದಲ್ಲಿ ಕಮಾನುಗಳಂತೆ. ಕುಬೇರಪ್ಪ ಗೌಡರು ಒಂದು ವಾರ ಯೋಚನೆ ಮಾಡಿ, "ನಾವು ಕೆರಿಗೆ ಮೀನ ಬಿಡೂಣು" ಎಂದರು. ನಮ್ಮದು ಮೀನು ತಿನ್ನದ ಊರು. ಕೆಳಗಿನ ಓಣಿಯಲ್ಲಿ ತಿನ್ನುತ್ತಿದ್ದರು, ಆದರೆ ಲೆಕ್ಕ ಮಾಡುವಾಗ ಊರೆಂದರೆ ಮೇಲಿನ ಓಣಿ ಮಾತ್ರ. ಹಿರಿಯರು ಹುಬ್ಬೇರಿಸಿದರು. ಗೌಡರು ಸಮಾಧಾನ ಹೇಳಿದರು: "ಮೀನ ಇದ್ರ ನೀರಾಗಿನ ಹುಳಾ ಹೋಗತಾವು. ಮತ್ತ ದೊಡ್ಡವಾದ ಮ್ಯಾಲ ಕೆರಿ ಹರಾಜ ಹಾಕಬಹುದು. ತಿನ್ನೂದು ಪಾಪ. ಮಾರೂದು ಪಾಪ ಅಂತ ಯಾವ ಶಾಸ್ತ್ರದಾಗ ಐತಿ?" ಶಾಸ್ತ್ರ ಓದಿದವರು ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಮಾತು ಅಲ್ಲಿಗೆ ಇತ್ಯರ್ಥವಾಯಿತು.

ಹಮ್ಮಿಗಿಯಿಂದ ಮೂಕಪ್ಪನನ್ನು ಕರೆಸಿದರು. ಹನಮಂತವ್ವ ಕರೆಯದೆಯೇ ಬಂದಳು. ಕೂಲಿಯ ಮಾತು ಬಂದಾಗ ಗಂಡ ಬಾಯಿ ತೆಗೆಯುವುದರೊಳಗೆ ಅವಳು, "ಕೂಲಿ ಬ್ಯಾಡ್ರಿ, ಮನಿ ಜಾಗ ಕೊಡ್ರಿ" ಎಂದಳು. ಗೌಡರಿಗೆ ಕೈಯಿಂದ ಬಿಚ್ಚುವುದಕ್ಕಿಂತ ಬಾಯಿಂದ ಕೊಡುವುದು ಸುಲಭ. ಪಂಚರ ಮುಂದೆಯೇ, "ಮೀನ ಜೀವಂತ ಕೆರಿಗೆ ಬಿದ್ರ ಏರಿ ಮ್ಯಾಲ ನಿಮಗ ಜಾಗ" ಎಂದು ಒಪ್ಪಿದರು.

"ಏರಿ ಮ್ಯಾಲ ಅಲ್ರೀ, ಗೌಡ್ರ?" ಎಂದು ಅವಳು ಮತ್ತೆ ಕೇಳಿದಳು.

"ಏರಿ ಮ್ಯಾಲವ್ವಾ. ನಾ ಸುಳ್ಳ ಹೇಳ್ತೀನೇನು?"

ಪಂಚರು ಎಲೆಯಡಿಕೆಯ ಚೀಲ ಬಿಚ್ಚಿದರು.

ಮುಂಡರಗಿಯ ದಸ್ತಗೀರಸಾಬನ ಗಾಡಿ ಗೊತ್ತು ಮಾಡಿದರು. ಏಕೀಕರಣದ ಹಿಂದಿನ ದಿನ ಹೊತ್ತು ಇಳಿದು ತಂಪಾದ ಮೇಲೆ ಎಂಟು ಹರವಿಗಳೊಂದಿಗೆ ಗಾಡಿ ಹಮ್ಮಿಗಿ ಬಿಟ್ಟಿತು. ಬೆಳಗಾಗುವುದರೊಳಗೆ ಅವರು ಮುಂಡರಗಿ ಸೇರಿದರು. ಅಲ್ಲಿಯವರೆಗೆ ಒಂದು ಮರಿಯೂ ಸತ್ತಿರಲಿಲ್ಲ. ಸಾಯುವ ಮಾತು ಶುರುವಾದದ್ದು ಗೌರವ ಶುರುವಾದ ಮೇಲೆ.

ಆವತ್ತು ದಾರಿಯುದ್ದಕ್ಕೂ ಮಾವಿನ ತೋರಣ, ಬಾಳೆಕಂಬ. ಮೀನಿನ ಗಾಡಿ ಏಕೀಕರಣಕ್ಕೆ ಹೊರಟಿದೆ ಎಂಬ ಸುದ್ದಿಯನ್ನು ಮೂಕಪ್ಪನೇ ಮುಂದಾಗಿ ಸಾರಿದ್ದ. ಪ್ರತಿ ಊರಲ್ಲೂ ಗಾಡಿ ತಡೆದರು, ಎತ್ತುಗಳಿಗೆ ಗುಲಾಲು ಹಚ್ಚಿದರು. ಮೂಕಪ್ಪ ಗಾಡಿಯ ಮೇಲೆ ನಿಂತು, "ಬಂಧುಗಳೇ, ಈ ಮೀನಕ್ಕ ಮುಂಬೈ ಗೊತ್ತಿಲ್ಲ, ಮದರಾಸ ಗೊತ್ತಿಲ್ಲ, ಅದಕ್ಕ ಗೊತ್ತಿರೂದು ಕನ್ನಡ ಒಂದ!" ಎಂದು ಭಾಷಣ ಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದಷ್ಟೂ ಭಾಷಣ ಉದ್ದವಾಯಿತು. ಗಾಡಿ ನಿಂತಷ್ಟೂ ಹೊತ್ತು ಹನಮಂತವ್ವ ಒಂದು ಹರವಿಯಿಂದ ಇನ್ನೊಂದಕ್ಕೆ ಕೈ ಬದಲಿಸುತ್ತಾ ನೀರು ತಿರುವಿದಳು.

ಒಂದು ಊರಲ್ಲಿ ಶೇಖವ್ವ ಎಂಬ ಮುದುಕಿ ಉಡಿಯ ತುಂಬ ಚುರಮುರಿ ತಂದು ಹರವಿಗೆ ಹಾಕಲು ಬಂದಳು.

"ಹಾಕಬ್ಯಾಡ್ರೆವ್ವ, ಅವು ಉಪವಾಸ ಇರಬೇಕು."

"ಅಯ್ಯ ನಿನ್ನ! ಹಬ್ಬದ ದಿನ ಜೀವಾನ ಉಪವಾಸ ಕೆಡವಿ ಒಯ್ತಿಯೇನ? ಪಾಪ ಹತ್ತತೈತಿ."

"ನಿಮ್ಮ ಪುಣ್ಯ ಅವಕ್ಕ ವಿಷ ಆಗತೈತ್ರಿ," ಎಂದು ಹನಮಂತವ್ವ ಹರವಿಯ ಬಾಯಿಗೆ ಸೆರಗು ಮುಚ್ಚಿದಳು. ಅಷ್ಟರಲ್ಲಿ ಮೂಕಪ್ಪ ಹಿಂದಿನಿಂದ, "ದೊಡ್ಡಾಕಿ ಪ್ರೀತಿಲೆ ಹಾಕತಾಳ, ಹಾಕ್ಲಿ ಬಿಡು" ಎಂದು ಇನ್ನೊಂದು ಹರವಿಯ ಬಟ್ಟೆ ತಾನೇ ಸರಿಸಿದ. ಊರು ದಾಟಿದ ಮೇಲೆ ಅವಳು ಹಳ್ಳದಲ್ಲಿ ಗಾಡಿ ನಿಲ್ಲಿಸಿ, ತೇಲುವ ಚುರಮುರಿ ಬಸಿದು ನೀರು ಬದಲಿಸಿದಳು. ದಸ್ತಗೀರಸಾಬ ನೊಗ ಹಿಡಿದು ನಿಂತು, "ಹನಮಂತವ್ವಕ್ಕ, ಮೀನಕಿಂತ ಮೊದಲು ನಿನ್ನ ಗಂಡನ ಬಾಯಿಗೆ ಹಸಿ ಬಟ್ಟಿ ಕಟ್ಟಬೇಕಾಗಿತ್ತು ನೋಡ್" ಎಂದ. ಆವತ್ತಿನ ಎಲ್ಲ ಭಾಷಣಗಳಲ್ಲಿ ಅದೊಂದೇ ಕೆಲಸಕ್ಕೆ ಬರುವ ಮಾತು.

ಇಷ್ಟೆಲ್ಲ ಆದರೂ ಮಧ್ಯಾಹ್ನದ ಹೊತ್ತಿಗೆ ನಮ್ಮೂರಿನ ಕೆರೆಗೆ ಬಂದ ಎಂಟು ಹರವಿಗಳಲ್ಲೂ ಮೀನು ಮಿಡುಕಾಡುತ್ತಿದ್ದವು. ನಾನು ಇಣುಕಿ ನೋಡಿದ್ದೇನೆ. ಹನಮಂತವ್ವ ಮೊದಲು ನೋಡಿದ್ದು ಕೆರೆಯನ್ನಲ್ಲ, ಏರಿಯನ್ನು. ಎತ್ತರದ ಏರಿ, ಮೇಲೆ ಬೇವಿನ ನೆರಳು. ಅವಳ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಏರಿಯ ಮೇಲೆ ಗೌಡರು ಸಮಾರಂಭಕ್ಕೆಂದು ಹೊಸದಾಗಿ ಕಲ್ಲಿನ ಕಟ್ಟೆ ಕಟ್ಟಿಸಿದ್ದರು, ಒಂದು ಮನೆ ಕೂಡುವಷ್ಟು ಅಗಲ. ಹರವಿಗಳನ್ನು ಅದರ ಮೇಲೆ ಸಾಲಾಗಿ ಇಡಿಸಿದರು. ಪೂಜೆಗೆ ಬಂದ ಅಯ್ಯನವರು ಎಣಿಸಿ, "ಎಂಟು ಬ್ಯಾಡ. ಏಳಿರ್ಲಿ, ಸಪ್ತಗಂಗಿ ಆಗತೈತಿ" ಎಂದರು. ಎಂಟನೆಯ ಹರವಿಗೆ ಗಂಗೆಯಾಗುವ ಯೋಗ ಇರಲಿಲ್ಲ. ಅದು ಮತ್ತೆ ಗಾಡಿಗೆ ಹೋಯಿತು. ಉಳಿದ ಏಳಕ್ಕೆ ಅರಿಷಿಣ, ಕುಂಕುಮ, ವಿಭೂತಿ, ಹಾರ. ಮೇಲೊಂದು ಸವಟು ಹಾಲು. ಹೊರಗಿನಿಂದ ಹಚ್ಚಿದ್ದಕ್ಕಿಂತ ಒಳಗೆ ಬಿದ್ದದ್ದೇ ಹೆಚ್ಚು.

ಮುಗಿಯಿತು, ಇನ್ನು ಬಿಡುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಅಯ್ಯನವರು ಸೂರ್ಯನ ಕಡೆ ನೋಡಿದರು. ಗುರುವಾರ, ರಾಹುಕಾಲ ಕೂತಿತ್ತು. ಅದು ಏಳುವ ತನಕ ಭಾಷಣಗಳಾಗಲಿ ಎಂದರು. ಹನಮಂತವ್ವ ತಡೆಯದೆ ಕಟ್ಟೆ ಹತ್ತಿ ಮೊದಲನೆಯ ಹರವಿಗೆ ಕೈ ಇಳಿಸಿದಳು.

"ಏ, ಏ, ಕೈ ತಗೀ!" ಕುಬೇರಪ್ಪ ಗೌಡರು ಕೂತಲ್ಲಿಂದ ಎದ್ದರು. "ಮೈಲಿಗಿ ಮಾಡ್ತಿಯೇನ? ಅದು ಈಗ ನೀರಲ್ಲ, ಗಂಗಿ."

"ಆ ಗಂಗೀನ ಹಮ್ಮಿಗಿಯಿಂದ ಹೊತಗೊಂಡ ಬಂದಾಕಿ ನಾನ ಅಲ್ರೀ?"

"ಹೊತ್ತಾಗ ನೀರಿತ್ತು. ಪೂಜಿ ಆದ ಮ್ಯಾಲ ಗಂಗಿ. ಕೆಳಗ ಇಳಿ."

"ನೀರು ನಿಂತ್ರ ಸಾಯತಾವ್ರಿ ಗೌಡ್ರ. ನಿಮ್ಮ ಕಾಲ ಹಿಡಿತೀನಿ, ತಿರವಾಕಾರ ಬಿಡ್ರಿ."

ಗೌಡರು ಕಾಲು ಹಿಂದೆ ಎಳೆದುಕೊಂಡರು, ಅದನ್ನೂ ಮುಟ್ಟಿಯಾಳು ಎಂದು. ಆಗಷ್ಟೇ ಮೂಕಪ್ಪನ ಕೊರಳಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಜನ್ಮದಲ್ಲಿ ಮೊದಲ ಹಾರ. ಅವನು ಹೆಂಡತಿಯ ತೋಳು ಹಿಡಿದು, "ಮಂದ್ಯಾಗ ಮರ್ಯಾದಿ ಕಳೀಬ್ಯಾಡ. ದೊಡ್ಡವರು ಹೇಳ್ತಾರ, ಸುಮ್ನ ಇಳಿ" ಎಂದು ಕೆಳಗಿಳಿಸಿದ. ನನಗೆ ಆವತ್ತು ಅವನ ಹಾರ ಕಿತ್ತು ಎತ್ತಿಗೆ ಹಾಕಬೇಕು ಎನ್ನಿಸಿತ್ತು. ಎತ್ತಾದರೂ ಅದನ್ನು ತಿಂದು ಮುಗಿಸುತ್ತಿತ್ತು.

ಗೌಡರು ಭಾಷಣ ಶುರು ಮಾಡಿದರು. ಹರಿದು ಹಂಚಿ ಹೋಗಿದ್ದ ನಾಡು ಒಂದಾಯಿತು ಎಂದರು. ಇನ್ನು ಮೇಲು ಕೀಳು ಇಲ್ಲ, ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದರು. ಈ ಮಾತಿಗೆ ಕೈ ಮೇಲೆತ್ತಿದಾಗ ಶಾಲು ಜಾರಿ ಹರವಿಯ ಮೇಲೆ ಬಿತ್ತು. ಅದು ಗಂಗೆಗೆ ಮೈಲಿಗೆಯಾಗಲಿಲ್ಲ. ಆಮೇಲೆ ಲಕ್ಷ್ಮೇಶ್ವರದಿಂದ ಬಂದ ಅತಿಥಿಗಳ ಭಾಷಣ, ಆಮೇಲೆ ಹಾಡು, ಆಮೇಲೆ ಹಾಡಿದವರಿಗೆ ಟೆಂಗಿನಕಾಯಿ. ಬಿಸಿಲಿನಲ್ಲಿ ಏಳು ಹರವಿಗಳು ಹಾರ ಹಾಕಿಕೊಂಡು ನಿಂತೇ ಇದ್ದವು.

ಹನಮಂತವ್ವ ಮಂದಿಯಲ್ಲಿ ಕಾಣಲಿಲ್ಲ. ನಾನು ಹುಡುಕಿದಾಗ ಗಾಡಿಯಲ್ಲಿದ್ದಳು, ಎಂಟನೆಯ ಹರವಿಯಲ್ಲಿ ಕೈ ಇಟ್ಟುಕೊಂಡು. ತಿರುವುತ್ತಿದ್ದಳು, ಅಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳೂ ದಸ್ತಗೀರಸಾಬನೂ ಆ ಹರವಿಯನ್ನು ಅರಿವೆ ಒಗೆಯುವ ಕಲ್ಲಿನ ಹತ್ತಿರ ಇಳಿಸಿದರು. ಅವಳು ತಂಬಿಗೆಯಿಂದ ಕೆರೆಯ ನೀರು ಬೆರೆಸುತ್ತಾ ಹೋದಳು, ಅವಸರವೇ ಇಲ್ಲದವಳಂತೆ. ಕೊನೆಗೆ ಹರವಿಯನ್ನು ನೀರಲ್ಲಿ ಓರೆ ಮಾಡಿ ಹಿಡಿದಳು. ಮರಿಗಳು ಒಂದೊಂದಾಗಿ ತಾವೇ ಹೊರಬಿದ್ದು ಹೋದವು. ರಾಹುಕಾಲ ಇನ್ನೂ ಇತ್ತು. ಅವಕ್ಕೆ ಯಾರೂ ಹೇಳಿರಲಿಲ್ಲ.

ರಾಹುಕಾಲ ಎದ್ದ ಮೇಲೆ ಡೊಳ್ಳು ಬಾರಿಸಿ ಏಳು ಹರವಿಗಳನ್ನು ಕೆರೆಗೆ ಸುರಿದರು. ಹೂವು, ಅರಿಷಿಣ, ಹಾಲು, ಮೀನು ಎಲ್ಲವೂ ಬಿದ್ದವು. ಜನ ಜಯಕಾರ ಹಾಕಿದರು. ಆಮೇಲೆ ಒಬ್ಬೊಬ್ಬರಾಗಿ ನೀರಿನಂಚಿಗೆ ಬಂದು ಬಗ್ಗಿ ನೋಡಿದರು. ನೀರ ಮೇಲೆ ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಒಂದಲ್ಲ ಎರಡಲ್ಲ. ಮುದಕಪ್ಪ ಎಂಬ ಹಿರಿಯ ಕಣ್ಣು ಕಿರಿದು ಮಾಡಿ, "ಗೌಡ್ರ, ಮಲಗ್ಯಾವ ಏನ್ರಿ?" ಎಂದು ಕೇಳಿದ.

"ದೂರದಿಂದ ಬಂದಾವ, ದಣದಾವ," ಎಂದರು ಗೌಡರು.

ಕೊಕ್ಕರೆಗಳು ಇಳಿದವು. ಏಕೀಕರಣದ ಊಟ ಹೊಟ್ಟೆತುಂಬ ಉಂಡದ್ದು ಅವೇ.

ಮರುದಿನ ಪಂಚರು ಕೂಡಿದರು. ಮೀನು ಸತ್ತದ್ದಕ್ಕೆ ಕಾರಣ ಬೇಕಾಗಿತ್ತು, ಕಾರಣ ಸಿಕ್ಕಿತು: ಪೂಜೆಯಾದ ಹರವಿಗೆ ಹನಮಂತವ್ವ ಕೈ ಹಾಕಿದ್ದು. ಅವಳು ಸಿಟ್ಟು ನುಂಗಿಕೊಂಡು ಹೇಳಿದಳು, "ಆತು ಬಿಡ್ರಿ. ಒಂದ ಹರವಿ ಮೀನ ಜೀವಂತ ಕೆರ್‍ಯಾಗ ಅದಾವ. ದಸ್ತಗೀರಸಾಬಣ್ಣ ನೋಡ್ಯಾನ. ಮಾತಿನ ಪ್ರಕಾರ ಜಾಗ ಕೊಡ್ರಿ."

ಗೌಡರು ನಕ್ಕರು. "ಆ ಹರವಿಗೆ ಪೂಜಿ ಆಗಿಲ್ಲ. ರಾಹುಕಾಲದಾಗ, ಯಾರನ್ನೂ ಕೇಳದ ಬಿಟ್ಟಿ. ಅವು ಊರ ಮೀನ ಅಲ್ಲ, ನಿನ್ನ ಮೀನ. ಊರ ಮೀನ ಸತ್ತು ಹೋದವು. ಕರಾರ ಮುಗೀತು." ಪಂಚರು ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಮೂಕಪ್ಪ. ಬಾಡಿದ ಹಾರ ಇನ್ನೂ ಅವನ ಕೊರಳಲ್ಲಿಯೇ ಇತ್ತು.

ಅವರು ಹಮ್ಮಿಗಿಗೆ ಹೋದರು. ಮುಂದಿನ ಮಳೆಗಾಲ ಹೊಳೆ ವಾಡಿಕೆಯಂತೆ ಬಂದು ಗುಡಿಸಲು ಒಯ್ದಿತು. ಇತ್ತ ನಮ್ಮ ಕೆರೆ ತುಂಬಿತು. ಮೊದಲು ನೀರಲ್ಲಿ ಸಣ್ಣ ಗುಳ್ಳೆ ಕಂಡವು, ಆಮೇಲೆ ಬಾಲ ಬಡಿದ ಸದ್ದು ಕೇಳಿಸಿತು. ಎರಡನೆಯ ಬೇಸಿಗೆಯ ಹೊತ್ತಿಗೆ ಅರಿವೆ ಒಗೆಯುವ ಹೆಂಗಸರ ಕಾಲಿಗೆ ತೋಳಿನಷ್ಟು ಮೀನು ಹಾಯತೊಡಗಿದವು. ಕುಬೇರಪ್ಪ ಗೌಡರು ಕಂಡಕಂಡವರಿಗೆ, "ಸಪ್ತಗಂಗಿ ಪೂಜಿ ಫಲ" ಎಂದು ಹೇಳಿದರು. ಸತ್ತ ಮೀನು ಪೂಜೆಯಿಂದ ಹೇಗೆ ಎದ್ದವು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ.

ಕೆರೆ ಹರಾಜಿಗೆ ಬಂತು. ಬೆಟಗೇರಿಯಿಂದ ಶೇಖಸಾಬ ಎಂಬ ಮೀನಿನ ವ್ಯಾಪಾರಿ ಬಂದ. ಏರಿಯ ಮೇಲೆ, ಅದೇ ಕಟ್ಟೆಯ ಮುಂದೆ ಮಂದಿ ನೆರೆಯಿತು. ಸವಾಲು ಕೂಗುವುದಕ್ಕೂ ದಸ್ತಗೀರಸಾಬನ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಗಾಡಿಯಿಂದ ಹನಮಂತವ್ವ ಇಳಿದಳು, ಬಲೆ ಇಳಿಯಿತು, ಅಡಿಗೆ ಸಾಮಾನಿನ ಗಂಟು ಇಳಿಯಿತು, ಕಡೆಗೆ ಮೂಕಪ್ಪ ಇಳಿದ. ಅವಳು ಯಾರನ್ನೂ ಮಾತಾಡಿಸದೆ ಗಂಡನಿಗೆ, "ಬೀಸು" ಎಂದಳು. ಮೂಕಪ್ಪ ಜೀವಮಾನದಲ್ಲಿ ಒಮ್ಮೆ ಬಾಯಿ ಮುಚ್ಚಿಕೊಂಡು ಬಲೆ ಬೀಸಿದ.

"ಏ, ಊರ ಕೆರಿಗೆ ಬಲಿ ಹಾಕತೀರೇನಲೇ?" ಗೌಡರು ಗುಡುಗಿದರು.

"ಕೆರಿ ಊರದ್ದ ಇರ್ಲಿ ಬಿಡ್ರಿ," ಎಂದಳು ಹನಮಂತವ್ವ. "ಊರ ಮೀನ ಸತ್ತಾವ, ಬದಕಿದ್ದು ನಿನ್ನ ಮೀನ ಅಂತ ನೀವ ಹೇಳೀರಿ. ಪಂಚರು ಇಲ್ಲೇ ಅದಾರ. ಕೇಳ್ರಿ."

ಪಂಚರು ಬೇವಿನ ಮರದ ಕಡೆ ನೋಡಿದರು. ಶೇಖಸಾಬ ಛತ್ರಿ ಮಡಚಿದ. "ಗೌಡ್ರ, ನಾ ಮೀನ ಕೊಳ್ಳಾಕ ಬಂದೀನ್ರಿ, ಜಗಳಾ ಕೊಳ್ಳಾಕಲ್ಲ. ಮೀನ ಯಾರದ್ದಂತ ನೀವ ಬಗೀಹರಿಸಿ ಹೇಳಿ ಕಳಸ್ರಿ."

ಗಿರಾಕಿ ಏಳುವುದನ್ನು ಕಂಡ ಗೌಡರಿಗೆ ಒಮ್ಮೆಲೇ ಹನಮಂತವ್ವನ ಮೇಲೆ ಕರುಣೆ ಹುಟ್ಟಿತು. "ಹೋಗ್ಲಿ, ಪಾಪ, ಬಡವರು. ಜಾಗ ಕೊಡೂಣಂತ. ಅಲ್ಲಿ ನೋಡವ್ವಾ," ಎಂದು ಕೆರೆಯ ಕೋಡಿಯ ಕೆಳಗಿನ ತಗ್ಗು ತೋರಿಸಿದರು. ಕೆರೆ ತುಂಬಿದರೆ ನೀರೆಲ್ಲ ಹರಿದು ಹೋಗುವ ದಾರಿ ಅದು.

ಹನಮಂತವ್ವ ಆ ತಗ್ಗು ನೋಡಿದಳು, ಗೌಡರನ್ನು ನೋಡಿದಳು. "ಅಲ್ಲಿ ಮನಿ ಮಾಡಾಕ ನಾವು ಮೀನಲ್ರಿ, ಗೌಡ್ರ," ಎಂದಳು.

ಆಮೇಲೆ ಅವಳು ಬಲೆಯಲ್ಲಿ ಬಿದ್ದ ಒಂದು ಗೆಂಡೆಯನ್ನು ಎತ್ತಿಕೊಂಡು ಸೀದಾ ಭಾಷಣದ ಕಟ್ಟೆ ಹತ್ತಿದಳು. ಮೂರು ಕಲ್ಲು ಹೂಡಿದಳು, ಪುಳ್ಳಿ ಇಟ್ಟು ಬೆಂಕಿ ಹಚ್ಚಿದಳು. ಕಟ್ಟೆಯ ನಡುವೆಯೇ ಮೀನು ಹಸನು ಮಾಡಿ, ಖಾರ ಅರೆದು ಹಾಕಿ ಕುದಿಯಲು ಇಟ್ಟಳು. ವಾಸನೆ ಏರಿಯುದ್ದಕ್ಕೂ ಹಬ್ಬಿತು. ಮೇಲಿನ ಓಣಿಯವರು ಮೂಗಿಗೆ ಧೋತರದ ಚುಂಗು ಹಿಡಿದು ಹಿಂದೆ ಸರಿದರು. ಕೆಳಗಿನ ಓಣಿಯವರೂ ಮೂಗು ಮುಚ್ಚಿಕೊಂಡರು, ಆದರೆ ಹಿಂದೆ ಸರಿಯಲಿಲ್ಲ.

"ಅಯ್ಯಯ್ಯ! ಗಂಗಿ ಕುಂತ ಕಟ್ಟಿ ಹೊಲಸ ಮಾಡಿದೆಲ್ಲ!" ಗೌಡರ ಧ್ವನಿ ಒಡೆಯಿತು. "ಇಳಸ್ರೋ ಆಕಿನ್ನ! ಯಾರರ ಹತ್ರಿ!"

ಯಾರೂ ಹತ್ತಲಿಲ್ಲ. ಗೌಡರು ಒಂದು ಹೆಜ್ಜೆ ಮುಂದಿಟ್ಟರು. ಮೀನಿನ ನೀರು ಕಟ್ಟೆಯ ಅಂಚಿನಿಂದ ಹನಿಹನಿಯಾಗಿ ಅವರ ಕಡೆಗೇ ಹರಿದು ಬರುತ್ತಿತ್ತು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡರು.

ಹನಮಂತವ್ವ ಸವಟು ಆಡಿಸುತ್ತಾ ತಲೆ ಎತ್ತಿದಳು. "ಬರ್ರಿ ಗೌಡ್ರ, ಹತ್ರಿ, ಕೈ ಹಿಡದ ಇಳಸ್ರಿ. ಪೂಜಿ ಆದ ಮ್ಯಾಲ ನೀರು ಗಂಗಿ ಆತು ಅಂದ್ರಿ. ಮೀನ ಕುದ್ದ ಮ್ಯಾಲ ಕಟ್ಟಿ ನಮ್ಮನಿ ಆತ್ರಿ."

ಗೌಡರು ಸ್ನಾನ ಮಾಡಲು ಮನೆಗೆ ಹೋದರು.